ಬಿಷಪ್ಪರ ಹೆಂಡತಿಯ ಟೋಪಿ

ಸಿನಿಮಾ ನೋಡುವುದಕ್ಕಿಂತ ಸಿನಿಮಾ ನೋಡಿದವರ ಮಾತು ಕೇಳುವುದರಲ್ಲಿ ನನಗೆ ಆಸಕ್ತಿ ಹೆಚ್ಚು. ಇದು ಕಸುಬಿನ ದೋಷವಿದ್ದೀತು. ಇಪ್ಪತ್ತು ವರ್ಷದಿಂದ ಹುಡುಗರಿಗೆ ಕಾವ್ಯಕ್ಕಿಂತ ಹೆಚ್ಚಾಗಿ ಕಾವ್ಯದ ಮೇಲಣ ಅಭಿಪ್ರಾಯಗಳನ್ನೇ ಬಡಿಸುತ್ತ ಬಂದವನಿಗೆ, ಊಟಕ್ಕಿಂತ ಊಟವಾದ ಮೇಲಿನ ಎಲೆಯಡಿಕೆಯ ಹರಟೆಯೇ ರುಚಿಯಾಗಿ ತೋರಿದರೆ ಆಶ್ಚರ್ಯವೇನು? ಅದರಲ್ಲೂ ಚಿತ್ರ ಹಗುರವಾದಷ್ಟೂ ಅಭಿಪ್ರಾಯಗಳು ಭಾರವಾಗುತ್ತವೆ ಎಂಬುದು ನನ್ನ ಅನುಭವ. ಗಂಭೀರವಾದ ಚಿತ್ರವನ್ನು ನೋಡಿ ಬಂದವರು ‘ಚೆನ್ನಾಗಿದೆ’ ಎಂದು ಸುಮ್ಮನಾಗುತ್ತಾರೆ. ನಗಿಸುವ ಚಿತ್ರವನ್ನು ನೋಡಿ ಬಂದವರು ಜಗಳವಾಡುತ್ತಾರೆ.

ನಮ್ಮ ಮನೆಯಲ್ಲಿ ಪ್ರತಿ ವರ್ಷ ಡಿಸೆಂಬರ್ ಕೊನೆಯ ವಾರದಲ್ಲಿ ಅಂಥ ಜಗಳವೊಂದು ನಡೆಯುತ್ತದೆ. ಅದಕ್ಕೆ ಕಾರಣ ‘ದಿ ಬಿಷಪ್ಸ್ ವೈಫ್’ ಎಂಬ ಅಮೆರಿಕದ ಚಿತ್ರ. 1947ರದು, ಕಪ್ಪು ಬಿಳುಪು. ರಾಬರ್ಟ್ ನೇಥನ್ 1928ರಲ್ಲಿ ಬರೆದ ಕಾದಂಬರಿ ಅದಕ್ಕೆ ಮೂಲ. ನಿರ್ಮಾಪಕ ಸ್ಯಾಮ್ಯುಯೆಲ್ ಗೋಲ್ಡ್‌ವಿನ್, ನಿರ್ದೇಶಕ ಹೆನ್ರಿ ಕೋಸ್ಟರ್. ಎದುರು ಮನೆಯ ಕ್ರೈಸ್ತ ಕುಟುಂಬದಿಂದ ತಟ್ಟೆ ತುಂಬ ಕೇಕು ಬರುತ್ತದೆ. ಮೈಸೂರಿನ ಹದವಾದ ಚಳಿಯಲ್ಲಿ ಶಾಲು ಹೊದ್ದು, ಕೇಕು ಮುಗಿಯುವವರೆಗೆ ನೋಡೋಣವೆಂದು ಕುಳಿತವರು ಚಿತ್ರ ಮುಗಿಯುವವರೆಗೂ ಏಳುವುದಿಲ್ಲ.

ಮೊದಲ ವರ್ಷ ಅಮ್ಮನ ಆಕ್ಷೇಪಣೆ ಹೆಸರಿನಲ್ಲೇ ಆರಂಭವಾಯಿತು. “ಏನೋ ಇದು, ಬಿಷಪ್ಪರಿಗೆ ಹೆಂಡತೀನಾ?” ಆಕೆ ಬಲ್ಲ ಬಿಷಪ್ಪರೆಲ್ಲ ಸಂತ ಫಿಲೋಮಿನಾ ಚರ್ಚಿನ ಎರಡು ಗೋಪುರಗಳ ಕಡೆಯವರು, ಬ್ರಹ್ಮಚಾರಿಗಳು. ಕ್ಯಾಥೊಲಿಕ್ಕರಲ್ಲಿ ಹಾಗೆ, ಆಂಗ್ಲಿಕನ್ ಪರಂಪರೆಯವರಲ್ಲಿ ಬಿಷಪ್ಪರು ಸಂಸಾರಿಗಳಾಗಬಹುದು. ಈ ಚಿತ್ರ ಬಂದ 1947ರಲ್ಲೇ ನಮ್ಮಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆಯಲ್ಲಿಯೂ ಹಾಗೆಯೇ ಎಂದು ವಿವರಿಸಿದೆ. ಅಮ್ಮ ಒಪ್ಪಿದಳು. “ಸಂಸಾರಿಗಳಾದರೆ ಸರಿ, ಕಥೆ ಇರುತ್ತೆ” ಎಂದಳು.

ಕಥೆ ಇದೆ. ಹೆನ್ರಿ ಎಂಬ ಬಿಷಪ್ಪನಿಗೆ ದೊಡ್ಡದೊಂದು ದೇವಾಲಯ ಕಟ್ಟಿಸುವ ಹಂಬಲ. ಹಣ ಕೊಡಬಲ್ಲ ಶ್ರೀಮಂತ ವಿಧವೆ ಅದನ್ನು ತನ್ನ ಗಂಡನ ಸ್ಮಾರಕ ಮಾಡಬೇಕೆಂದು ಹಟ ಹಿಡಿದಿದ್ದಾಳೆ. ನಕ್ಷೆ, ಸಮಿತಿ, ಚಂದಾ ಎಂದು ಅಲೆಯುತ್ತಿರುವ ಹೆನ್ರಿಗೆ ಹೆಂಡತಿ ಜೂಲಿಯಾ ಮನೆಯಲ್ಲಿರುವುದೇ ಮರೆತಿದೆ. ಆಕೆ ಅಂಗಡಿಯ ಗಾಜಿನ ಕಿಟಕಿಯಲ್ಲಿ ಒಂದು ಟೋಪಿಯನ್ನು ನೋಡುತ್ತ ನಿಲ್ಲುತ್ತಾಳೆ, ಮುಂದೆ ನಡೆಯುತ್ತಾಳೆ. ಬಿಷಪ್ಪ ದಾರಿ ತೋರೆಂದು ದೇವರನ್ನು ಬೇಡುತ್ತಾನೆ. ಬರುವವನು ಡಡ್ಲಿ ಎಂಬ ದೇವದೂತ. ರೆಕ್ಕೆಯಿಲ್ಲ, ಪ್ರಭಾವಳಿಯಿಲ್ಲ, ಇಸ್ತ್ರಿ ಕೆಡದ ಸೂಟು, ಕ್ಯಾರಿ ಗ್ರಾಂಟನ ಮುಗುಳುನಗೆ. ಬಂದವನು ದೇವಾಲಯದ ಗೊಡವೆಗೆ ಹೋಗದೆ ಜೂಲಿಯಾಳನ್ನು ಊಟಕ್ಕೆ ಕರೆದುಕೊಂಡು ಹೋಗುತ್ತಾನೆ, ಮಂಜುಗಡ್ಡೆಯ ಮೇಲೆ ಜಾರಾಟವಾಡಿಸುತ್ತಾನೆ, ಆ ಟೋಪಿಯನ್ನು ಕೊಳ್ಳುವಂತೆ ಮಾಡುತ್ತಾನೆ. ಕ್ರಮೇಣ, ಪಾಪ, ಅವನಿಗೇ ಆಕೆಯ ಮೇಲೆ ಮನಸ್ಸಾಗುತ್ತದೆ.

ನಡುನಡುವೆ ಪವಾಡಗಳು ಬರುತ್ತವೆ. ಆದರೆ ಎಷ್ಟು ಸಣ್ಣ ಪವಾಡಗಳು! ಸಮುದ್ರ ಇಬ್ಭಾಗವಾಗುವುದಿಲ್ಲ. ಸುರಿದಷ್ಟೂ ಮುಗಿಯದ ಷೆರಿಯ ಸೀಸೆ, ದ್ರೌಪದಿಯ ಅಕ್ಷಯಪಾತ್ರೆಯ ದೂರದ ನೆಂಟ; ಕ್ಷಣಮಾತ್ರದಲ್ಲಿ ಸಿಂಗಾರಗೊಳ್ಳುವ ಕ್ರಿಸ್‌ಮಸ್ ಮರ; ಹೇಳಿದ್ದನ್ನು ತಾನೇ ಬಡಿದುಕೊಳ್ಳುವ ಟೈಪ್‌ರೈಟರು. ಬಿಷಪ್ಪ ವಿಧವೆಯ ಮನೆಯಲ್ಲಿ ಕುರ್ಚಿಗೆ ಅಂಟಿಕೊಂಡು ಏಳಲಾರದೆ ಒದ್ದಾಡುವಾಗ ನಮ್ಮ ಮಗಳು ಕೇಕು ಉಗುಳುವಂತೆ ನಗುತ್ತಾಳೆ. ನಾನು ನಿಟ್ಟುಸಿರು ಬಿಡುವುದು ಬೇರೊಂದು ಕಡೆ. ಡಡ್ಲಿ ಬಿಷಪ್ಪನ ಕಚೇರಿಯ ಕಾರ್ಡುಗಳನ್ನು ಕೈಬೀಸಿ ಜೋಡಿಸಿಬಿಡುತ್ತಾನೆ. ವಡ್ಡಾರಾಧನೆಗೆ ಶಬ್ದಸೂಚಿ ಮಾಡುತ್ತೇನೆಂದು ಹನ್ನೊಂದು ವರ್ಷದ ಹಿಂದೆ ಕೈಹಾಕಿದವನು ನಾನು. ಹತ್ತೊಂಬತ್ತು ಕಥೆಗಳಲ್ಲಿ ಏಳನೆಯದರಲ್ಲಿದ್ದೇನೆ. ಕಾರ್ಡುಗಳು ಚಪ್ಪಲಿಯ ಪೆಟ್ಟಿಗೆಗಳಲ್ಲಿ ಮಂಚದ ಕೆಳಗಿವೆ.

ಚಿತ್ರದಲ್ಲಿ ಒಬ್ಬ ಪ್ರಾಧ್ಯಾಪಕನೂ ಇದ್ದಾನೆ. ದೇವರನ್ನು ನಂಬದ ಮುದುಕ. ರೋಮಿನ ಇತಿಹಾಸ ಬರೆಯುತ್ತೇನೆಂದು ವರ್ಷಗಟ್ಟಲೆ ಹೇಳಿಕೊಂಡು ಬಂದು ಒಂದು ಸಾಲೂ ಬರೆಯದವನು. ಮಾಂಟಿ ವುಲಿಯ ಗಡ್ಡವೇ ಅರ್ಧ ಅಭಿನಯ ಮಾಡಿಬಿಡುತ್ತದೆ. ಅವನು ಬೆಲೆಯಿಲ್ಲದ್ದೆಂದು ತಿಳಿದ ಹಳೆಯ ನಾಣ್ಯ, ಕ್ಲಿಯೋಪಾತ್ರಳ ಭೇಟಿಗಾಗಿ ಸೀಸರ್ ಅಚ್ಚು ಹಾಕಿಸಿದ ಅಪರೂಪದ್ದೆಂದು ಡಡ್ಲಿ ತಿಳಿಸುತ್ತಾನೆ. ಮುದುಕನ ಲೇಖನಿ ಓಡತೊಡಗುತ್ತದೆ. ನಮ್ಮ ಕಾಲೇಜಿನ ಇತಿಹಾಸದ ಮೇಷ್ಟರನ್ನು ಒಂದು ವರ್ಷ ಈ ಚಿತ್ರಕ್ಕೆ ಕರೆದಿದ್ದೆ. ಅವರು ಪ್ರೇಮವನ್ನೂ ನೋಡಲಿಲ್ಲ, ಪವಾಡವನ್ನೂ ನೋಡಲಿಲ್ಲ. “ಆ ನಾಣ್ಯಕ್ಕೆ ಆಧಾರವೇನು ಸ್ವಾಮಿ?” ಎಂದು ಕೇಳಿ, ಕಾಫಿ ಕುಡಿದು ಹೋದರು.

ಅಭಿಪ್ರಾಯಗಳ ವಿಷಯ ಬಂತಲ್ಲ. ಈ ಚಿತ್ರವನ್ನು ಅರ್ಧ ಕಟ್ಟಿದವರೇ ಪ್ರೇಕ್ಷಕರು ಎಂದರೆ ತಪ್ಪಾಗಲಾರದು. ಗೋಲ್ಡ್‌ವಿನ್ ಮೊದಲು ಬೇರೊಬ್ಬ ನಿರ್ದೇಶಕನಿಂದ ಒಂದಷ್ಟು ಚಿತ್ರ ತೆಗೆಸಿ, ಮನಸ್ಸಿಗೆ ಹಿಡಿಸದೆ ಎಲ್ಲವನ್ನೂ ಎಸೆದು, ಕೋಸ್ಟರನ ಕೈಯಲ್ಲಿ ಹೊಸದಾಗಿ ತೆಗೆಸಿದ. ಮೊದಲಿಗೆ ಕ್ಯಾರಿ ಗ್ರಾಂಟ್ ಬಿಷಪ್ಪನೆಂದೂ ಡೇವಿಡ್ ನಿವೆನ್ ದೇವದೂತನೆಂದೂ ಗೊತ್ತಾಗಿತ್ತಂತೆ, ಆಮೇಲೆ ಅದಲುಬದಲಾಯಿತು. ಮುಗಿದ ಚಿತ್ರವನ್ನು ಪರೀಕ್ಷೆಗೆಂದು ಪ್ರೇಕ್ಷಕರಿಗೆ ತೋರಿಸಿದರೆ ಅವರು ಮುಖ ತಿರುಗಿಸಿದರು. ಆಗ ಬಿಲ್ಲಿ ವೈಲ್ಡರ್, ಚಾರ್ಲ್ಸ್ ಬ್ರ್ಯಾಕೆಟ್ ಎಂಬ ನುರಿತ ಕೈಗಳನ್ನು ಕರೆಸಿ ಕೆಲವು ದೃಶ್ಯಗಳನ್ನು ತಿದ್ದಿ ಬರೆಸಿದರು. ಅವರ ಹೆಸರು ತೆರೆಯ ಮೇಲಿಲ್ಲ. ಡಡ್ಲಿಯ ಹಾಗೆಯೇ ಬಂದು, ಸರಿಪಡಿಸಿ, ಗುರುತು ಉಳಿಸದೆ ಹೋದವರು.

ಬಿಡುಗಡೆಯಾದ ಮೇಲೆ ಇನ್ನೊಂದು ತೊಡಕು. ಹೆಸರಿನಲ್ಲಿ ಬಿಷಪ್ಪ ಇದ್ದುದರಿಂದ, ಇದೇನೋ ಧರ್ಮಬೋಧೆಯ ಚಿತ್ರವೆಂದು ಜನ ದೂರ ಉಳಿದರು. ಗೋಲ್ಡ್‌ವಿನ್ ಕೆಲವು ಊರುಗಳ ಜಾಹೀರಾತಿನಲ್ಲಿ ‘ಕ್ಯಾರಿ ಮತ್ತು ಬಿಷಪ್ಪರ ಹೆಂಡತಿ’ ಎಂದು ಬರೆಸಿದ. ಒಂದು ಹೆಸರು, ಒಂದು ‘ಮತ್ತು’, ಅಷ್ಟೆ. ಗಳಿಕೆ ಶೇಕಡಾ 25ರವರೆಗೂ ಏರಿತೆಂದು ಹೇಳುತ್ತಾರೆ. ಸಮುಚ್ಚಯದ ಶಕ್ತಿಯನ್ನು ಹುಡುಗರಿಗೆ ತಿಳಿಸಲು ವ್ಯಾಕರಣದ ತರಗತಿಯಲ್ಲಿ ನಾನಿದನ್ನು ಹೇಳುವುದುಂಟು. ಕೊನೆಗೆ ಚಿತ್ರ ಐದು ಆಸ್ಕರ್‌ಗಳಿಗೆ ಹೆಸರಿಸಲ್ಪಟ್ಟು ಧ್ವನಿಗ್ರಹಣಕ್ಕೆ ಒಂದನ್ನು ಪಡೆಯಿತು. 1996ರಲ್ಲಿ ಡೆನ್ಜೆಲ್ ವಾಷಿಂಗ್ಟನ್, ವಿಟ್ನಿ ಹ್ಯೂಸ್ಟನ್ ಅಭಿನಯಿಸಿ ಅದು ಮರುಹುಟ್ಟನ್ನೂ ಪಡೆಯಿತು. ಅದರಲ್ಲಿ ಹಾಡು ಚೆನ್ನ. ನನಗೆ ಹಳೆಯದೇ ಇಷ್ಟ.

ತಮಾಷೆ ನೋಡಿ: ಅಂದಿನ ಅಮೆರಿಕದವರು ಧರ್ಮ ಹೆಚ್ಚಾಯಿತೆಂದು ಹೆದರಿದ ಚಿತ್ರವನ್ನು, ಇಂದು ನಮ್ಮ ಎದುರು ಮನೆಯಾಕೆ ಧರ್ಮ ಕಡಮೆಯಾಯಿತೆಂದು ನೋಡುವುದಿಲ್ಲ. “ದೇವದೂತರು ಹೀಗೆಲ್ಲ ಮಾಡೋದಿಲ್ಲ ಸಾರ್” ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು. ಪರರ ಹೆಂಡತಿಯನ್ನು ಊಟಕ್ಕೆ ಕರೆಯುವ ದೇವದೂತನನ್ನು ಯಾವ ಧರ್ಮ ಒಪ್ಪೀತು? ನನಗೂ ಮೊದಲು ಇರುಸುಮುರುಸಾಗಿತ್ತು. ಅದನ್ನು ಬಿಡಿಸಿದವಳು ಅಮ್ಮ. ಹೆನ್ರಿ ತನ್ನ ಸಂಕಟವನ್ನು ಪ್ರಾಧ್ಯಾಪಕನ ಮುಂದೆ ತೋಡಿಕೊಳ್ಳುವ ದೃಶ್ಯವೊಂದಿದೆ. ದೇವದೂತನೊಡನೆ ಸೆಣಸುವುದು ಹೇಗೆಂದು ಅವನ ಅಳಲು. ನೀನು ಮನುಷ್ಯ, ಜೂಲಿಯಾಳೂ ಮನುಷ್ಯಳು, ಮೇಲುಗೈ ನಿನ್ನದೇ ಎನ್ನುವ ಅರ್ಥದ ಮಾತನ್ನು ಮುದುಕ ಹೇಳುತ್ತಾನೆ. ಇಂಗ್ಲಿಷ್ ಬಾರದ ಅಮ್ಮನಿಗೆ ಇದನ್ನು ಬಿಡಿಸಿ ಹೇಳಿದೆ. ಆಕೆ ಶಾಲನ್ನು ಸರಿಮಾಡಿಕೊಂಡು, “ಇದು ದಮಯಂತಿ ಕಥೆ ಕಣೋ” ಎಂದಳು.

ನಾನು ಎಂ.ಎ. ಮಾಡಿದವನು, ನನಗೆ ಹೊಳೆದಿರಲಿಲ್ಲ. ಸ್ವಯಂವರದಲ್ಲಿ ನಾಲ್ವರು ದೇವತೆಗಳು ನಳನ ರೂಪದಲ್ಲೇ ಕುಳಿತಿದ್ದಾರೆ. ದೇವತೆಗಳಿಗೆ ರೆಪ್ಪೆ ಮಿಡಿಯುವುದಿಲ್ಲ, ಬೆವರು ಬರುವುದಿಲ್ಲ, ಹೂಮಾಲೆ ಬಾಡುವುದಿಲ್ಲ, ಕಾಲು ನೆಲ ಮುಟ್ಟುವುದಿಲ್ಲ. ದಮಯಂತಿ ಹುಡುಕಿದ್ದು ಬೆವರಿದವನನ್ನು, ಮಾಲೆ ಬಾಡಿದವನನ್ನು. ಬಿಷಪ್ಪ ಚಿತ್ರದುದ್ದಕ್ಕೂ ಬೆವರುತ್ತಾನಲ್ಲ! ಡಡ್ಲಿಯ ಕಾಲರು ಕೂಡ ಮಾಸುವುದಿಲ್ಲ. ಕೊನೆಗೆ ಅವನು ಮನಸ್ಸು ಬಿಚ್ಚುವ ಹೊತ್ತಿಗೆ ಜೂಲಿಯಾ ಹೋಗೆಂದೇ ಹೇಳುತ್ತಾಳೆ. ಅಮ್ಮನ ಮಟ್ಟಿಗೆ ಅಲ್ಲಿಗೆ ಚಿತ್ರ ಮುಗಿಯಿತು. ಹಾಸಿಗೆ ಹಾಕಲು ಎದ್ದುಬಿಡುತ್ತಾಳೆ.

ನನ್ನಾಕೆ ಏಳುವುದಿಲ್ಲ. ಅವಳ ತಕರಾರು ಶುರುವಾಗುವುದೇ ಅಲ್ಲಿಂದ.

ಡಡ್ಲಿ ಹೋಗುವ ಮುನ್ನ ತನ್ನ ನೆನಪನ್ನು ಎಲ್ಲರಿಂದ ಅಳಿಸಿಹಾಕುತ್ತಾನೆ. ಕ್ರಿಸ್‌ಮಸ್ ಹಿಂದಿನ ರಾತ್ರಿ ಬಿಷಪ್ಪ ಚರ್ಚಿನಲ್ಲಿ ನಿಂತು ಉಪನ್ಯಾಸ ಓದುತ್ತಾನೆ. ಎಲ್ಲರ ಕಾಲುಚೀಲಗಳಲ್ಲೂ ಉಡುಗೊರೆ ತುಂಬಿದ್ದೇವೆ, ಯಾರ ಹುಟ್ಟುಹಬ್ಬವೋ ಅವನ ಚೀಲವೊಂದೇ ಬರಿದಾಗಿದೆ ಎಂಬುದು ಅದರ ತಿರುಳು. ಅದನ್ನು ಟೈಪ್‌ರೈಟರಿಗೆ ಹೇಳಿ ಬರೆಸಿದವನು ಡಡ್ಲಿ. ಬಿಷಪ್ಪನಿಗೆ ಅದು ತನ್ನದೇ. ಹೆಂಡತಿ ಹೆಮ್ಮೆಯಿಂದ ಕೇಳುತ್ತಿದ್ದಾಳೆ. ಹೊರಗೆ ಹಿಮದಲ್ಲಿ ದೇವದೂತ ಒಂಟಿಯಾಗಿ ನಿಂತು ನೋಡಿ, ನಡೆದು ಹೋಗುತ್ತಾನೆ. ನನಗೆ ಈ ಮುಕ್ತಾಯ ಬಹಳ ಇಷ್ಟ. ಕೊಟ್ಟವನ ಹೆಸರಿಲ್ಲದ ದಾನ ಎಂದು ಮೊದಲ ವರ್ಷ ಭಾವುಕನಾಗಿ ಹೇಳಿದೆ.

“ಅವನ ದೊಡ್ಡತನ ಇರಲಿ. ಅವಳ ನೆನಪನ್ನ ಯಾಕ್ರೀ ತೆಗೀಬೇಕು?” ಎಂದಳು ನನ್ನಾಕೆ. “ಗಂಡ ಮರೀಲಿ, ಬೇಕಾದರೆ ಊರೇ ಮರೀಲಿ. ಅಷ್ಟು ವರ್ಷದ ಮೇಲೆ ಒಂದು ದಿನ ಅವಳು ಜಾರಾಟ ಆಡಿ ನಕ್ಕಿದ್ದಳು. ಅದು ಅವಳದ್ದು ತಾನೇ? ಅವಳು ತಪ್ಪು ಮಾಡಲಿಲ್ಲ, ಹೋಗು ಅಂತ ತಾನೇ ಹೇಳಿದಳು. ಆದರೂ ಅವಳನ್ನ ಕೇಳದೆ ಒರೆಸಿಹಾಕಿಬಿಟ್ಟ.”

ನಾನು ಶಾಕುಂತಲವನ್ನು ತಂದೆ. ಅಲ್ಲಿ ಮರೆವು ಶಾಪ, ಇಲ್ಲಿ ಮರೆವು ವರ. ದೇವರ ಸಂಗದ ನೆನಪಿಟ್ಟುಕೊಂಡು ಮನುಷ್ಯನೊಡನೆ ಬಾಳುವುದು ಕಷ್ಟವಲ್ಲವೆ, ಎಂದೆಲ್ಲ ತರಗತಿಯ ದನಿಯಲ್ಲಿ ಹೇಳಿದೆ. ಅವಳು ಪೂರ್ತಿ ಕೇಳಿದಳು. ಆಮೇಲೆ, “ಅಲ್ಲಿ ಉಂಗುರ ಸಿಕ್ಕಿತು. ಇಲ್ಲಿ ಟೋಪಿ ಬೀರುವಿನಲ್ಲೇ ಇರುತ್ತಲ್ಲ, ನಾಳೆ ಅವಳ ಕಣ್ಣಿಗೆ ಬೀಳಲ್ವೇ?” ಎಂದಳು.

ಇದನ್ನು ನಾನು ಯೋಚಿಸಿರಲಿಲ್ಲ. “ಬಿದ್ದರೆ ಏನಂದುಕೊಳ್ಳುತ್ತಾಳೆ?”

“ಗಂಡನೇ ಕೊಡಿಸಿದ ಅಂದುಕೋತಾಳೆ. ಅದೇ ಅನ್ಯಾಯ.”

ಬಾಗಿಲ ಸಂದಿಯಿಂದ ಅಮ್ಮ, “ಅಂತೂ ಬಿಷಪ್ಪರ ಹೆಂಡತಿಗೆ ಎಲ್ಲರೂ ಸೇರಿ ಟೋಪಿ ಹಾಕಿದರು ಅನ್ನು” ಎಂದಳು. ಎಲ್ಲರೂ ನಕ್ಕೆವು. ನನ್ನಾಕೆಯೂ ನಕ್ಕಳು, ಆದರೆ ಎಲ್ಲರಿಗಿಂತ ಮೊದಲು ನಿಲ್ಲಿಸಿದಳು.

ಅಂದಿನಿಂದ ಪ್ರತಿ ವರ್ಷವೂ ಈ ವಾದ ನಡೆಯುತ್ತದೆ. ನನ್ನ ಕಡೆಯ ಪ್ರಮಾಣಗಳು ಹೆಚ್ಚುತ್ತ ಹೋಗುತ್ತವೆ, ಅವಳ ಪ್ರಶ್ನೆ ಅದೇ ಇರುತ್ತದೆ. ಕಳೆದ ಸಲ ನಾನು ಹಾಸ್ಯಕ್ಕೆಂದು, ನಮ್ಮ ಮನೆಗೂ ಒಬ್ಬ ಡಡ್ಲಿ ಬಂದರೆ ಆಗುತ್ತಿತ್ತು, ಮಂಚದ ಕೆಳಗಿನ ಕಾರ್ಡುಗಳಿಗೆ ಮುಕ್ತಿಯಾಗುತ್ತಿತ್ತು ಎಂದೆ. “ನಿಮಗೆ ಬೇಕಾದವನು ಕಾರ್ಡು ಜೋಡಿಸೋ ದೇವದೂತ” ಎಂದಳು ತಟ್ಟೆಗಳನ್ನು ಎತ್ತುತ್ತ. ತನಗೆ ಬೇಕಾದವನು ಯಾರೆಂದು ಹೇಳಲಿಲ್ಲ. ಅದನ್ನು ಹೇಳಿದವಳು ಮಗಳು, ಅವಳು ಒಳಗೆ ಹೋದಮೇಲೆ. “ಅಪ್ಪ, ದಸರಾದಲ್ಲಿ ಸಯ್ಯಾಜಿರಾವ್ ರಸ್ತೇಲಿ ಅಮ್ಮನೂ ಹಾಗೇ ಒಂದು ಸೀರೆ ನೋಡ್ತಾ ನಿಂತಿದ್ದಳಲ್ಲ. ನೀನು ಯಾರ ಜತೇನೋ ಮಾತಾಡ್ತಾ ಮುಂದಕ್ಕೆ ಹೋಗಿಬಿಟ್ಟೆ.”

ಹೌದು, ದಾರಿಯಲ್ಲಿ ಸಿಕ್ಕ ಮಿತ್ರರೊಬ್ಬರೊಡನೆ ವಡ್ಡಾರಾಧನೆಯ ಒಂದು ಶಬ್ದದ ಅರ್ಥವನ್ನು ಚರ್ಚಿಸುತ್ತಿದ್ದೆ. ಆ ಶಬ್ದ ಇಂದಿಗೂ ನೆನಪಿದೆ.

ಮಾರನೆಯ ಸಂಜೆ ಯಾರಿಗೂ ಹೇಳದೆ ಹೋದೆ. ಅಂಗಡಿ ಸಿಕ್ಕಿತು. ಕಿಟಕಿಯಲ್ಲಿ ಬೇರೆ ಸೀರೆಗಳಿದ್ದವು. ಒಳಗೆ ಹೋಗಿ, ದಸರಾ ಸಮಯದಲ್ಲಿ ಇಲ್ಲಿ ಹೊರಗಡೆ ಕಾಣುವಂತೆ ಹಾಕಿದ್ದಿರಲ್ಲ, ಅದು ಬೇಕಾಗಿತ್ತು ಎಂದೆ. ಅಂಗಡಿಯವನು ಒಳ್ಳೆಯ ಮನುಷ್ಯ. ಏಳೆಂಟು ಸೀರೆಗಳನ್ನು ತೆಗೆದು ಜಮಖಾನದ ಮೇಲೆ ಒಂದರ ಮೇಲೊಂದು ಹರಡಿದ. ನಾನು ಸುಮ್ಮನೆ ನಿಂತಿರುವುದನ್ನು ಕಂಡು, “ಯಾವ ಬಣ್ಣದ್ದು ಸ್ವಾಮಿ?” ಎಂದು ಕೇಳಿದ.