ಅಪ್ಪಯ್ಯನ ಕಷಾಯ

ನನ್ನ ಮೂತ್ರಪಿಂಡದಲ್ಲಿ ಕಲ್ಲು ಕಾಣಿಸಿಕೊಂಡದ್ದು ದೆಹಲಿಯ ಒಂದು ಮೇ ತಿಂಗಳಲ್ಲಿ. ಇಲ್ಲಿನ ಬೇಸಗೆ ಮೈಯ ನೀರನ್ನೆಲ್ಲ ಹೀರುತ್ತದೆ. ಕಡತಗಳ ನಡುವೆ ನೀರು ಕುಡಿಯುವುದನ್ನೇ ಮರೆಯುವ ನಮ್ಮಂಥವರ ಮೂತ್ರ ಗಟ್ಟಿಯಾಗಿ ಹರಳುಗಟ್ಟುವುದು ಸೋಜಿಗವೇನಲ್ಲ. ಸ್ಕ್ಯಾನ್ ವರದಿಯಲ್ಲಿ 4 ಮಿಲಿಮೀಟರ್ ಎಂದಿತ್ತು. ತೀರ್ಥಹಳ್ಳಿಯಿಂದ ಬಂದು ನಮ್ಮ ಜೊತೆಗಿದ್ದ ಅಪ್ಪಯ್ಯ ಆ ಹಾಳೆಯನ್ನು ನೋಡಲೂ ಇಲ್ಲ. ಐಎನ್‌ಎ ಮಾರುಕಟ್ಟೆಯಿಂದ ಹುರುಳಿ, ಬಾಳೆದಿಂಡು ತರಿಸಿದರು. ದಿನವೂ ಬೆಳಿಗ್ಗೆ ಒಂದು ಲೋಟ ಹುರುಳಿ ಕಟ್ಟು. ಹದಿನೇಳನೆಯ ದಿನ ಕಲ್ಲು ಬಿದ್ದುಹೋಯಿತು. ಅಷ್ಟು ಸಣ್ಣ ಕಲ್ಲುಗಳಲ್ಲಿ ಹೆಚ್ಚಿನವು ತಾವಾಗಿಯೇ ಬೀಳುತ್ತವೆಂದು ಆಮೇಲೆ ಓದಿದೆ. ಆದರೆ ಮನೆಯಲ್ಲಿ ಗೆದ್ದದ್ದು ಹುರುಳಿಯೇ. ಆ ಗೆಲುವೇ ಮುಂದೆ ನಮಗೆ ಮುಳುವಾಯಿತು.

ಅಪ್ಪಯ್ಯ ರಾತ್ರಿ ನಾಲ್ಕೈದು ಬಾರಿ ಏಳುತ್ತಿದ್ದುದನ್ನು ಮೊದಲು ಗಮನಿಸಿದವಳು ನನ್ನ ಹೆಂಡತಿ. ಬಚ್ಚಲಿನ ದೀಪ ಬಹಳ ಹೊತ್ತು ಉರಿಯುತ್ತಿತ್ತು. ಕೇಳಿದರೆ, "ವಯಸ್ಸಾದ ಮೇಲೆ ಇದ್ದದ್ದೇ ಮಾರಾಯ, ನಿನ್ನ ಹಾಗೆ ನನಗೂ ಒಂದು ಕಷಾಯ ತಂದುಕೊಡು" ಎಂದರು. ನಮ್ಮ ಕೇಂದ್ರ ಸರ್ಕಾರಿ ಆರೋಗ್ಯ ಯೋಜನೆಯ ಆಯುರ್ವೇದ ವೈದ್ಯೆ ನನ್ನ ಮಾತು ಕೇಳಿ, "ಅವರನ್ನೇ ಕರೆತನ್ನಿ, ಮೊದಲು ಸ್ಕ್ಯಾನ್ ಆಗಲಿ" ಎಂದು ಸ್ಪಷ್ಟವಾಗಿ ಹೇಳಿದ್ದರು. ನಾನು ಕರೆದೊಯ್ಯಲಿಲ್ಲ. ಅಂಗಡಿಯಲ್ಲಿ ಚಂದ್ರಪ್ರಭಾ ವಟಿ, ಗೋಕ್ಷುರಾದಿ ಗುಗ್ಗುಲು, ವರುಣಾದಿ ಕಷಾಯ ಕೊಂಡುತಂದೆ. ಇಂಗ್ಲಿಷ್ ಎಂ.ಎ. ಮಾಡಿದವನಿಗೆ ತಂದೆಯೊಡನೆ ಮೂತ್ರದ ವಿಷಯ ಮಾತಾಡಲು ಕನ್ನಡವೂ ಒದಗಲಿಲ್ಲ, ಇಂಗ್ಲಿಷೂ ಒದಗಲಿಲ್ಲ.

ಸುಮಾರು ಐದು ತಿಂಗಳ ಬಳಿಕ ಒಂದು ರಾತ್ರಿ ಅವರಿಗೆ ಒಂದು ಹನಿಯೂ ಬರಲಿಲ್ಲ. ಆಸ್ಪತ್ರೆಯಲ್ಲಿ ಕೊಳವೆ ಹಾಕಿದಾಗ ಹೊರಬಂದದ್ದು ಒಂದೂಕಾಲು ಲೀಟರ್. ಪ್ರಾಸ್ಟೇಟ್ ಹಿಗ್ಗಿ ದಾರಿಯನ್ನು ಒತ್ತಿಹಿಡಿದಿತ್ತು. ತಿಂಗಳುಗಟ್ಟಲೆ ಪೂರ್ತಿ ಖಾಲಿಯಾಗದೆ ಉಳಿದ ಮೂತ್ರದ ಒತ್ತಡ ಹಿಂದಕ್ಕೆ ಮೂತ್ರಪಿಂಡಗಳಿಗೇ ತಟ್ಟಿತ್ತು. ಕ್ರಿಯಾಟಿನಿನ್ 3 ದಾಟಿತ್ತು.

ಆಸ್ಪತ್ರೆಯ ಬೆಂಚಿನ ಮೇಲೆ ಕಳೆದ ದಿನಗಳಲ್ಲಿ ನಾನು ಸುಶ್ರುತ ಸಂಹಿತೆಯ ಅನುವಾದವನ್ನು ಓದಿದೆ. ಆಯುರ್ವೇದವನ್ನು ಬೈಯಲು ಒಂದು ಸಾಲು ಸಿಕ್ಕೀತೆಂಬ ಆಸೆಯಿಂದ. ಸಿಕ್ಕಿದ್ದು ಬೇರೆಯೇ. ಮೂತ್ರಾಘಾತದ ಹನ್ನೆರಡು ಬಗೆಗಳಲ್ಲಿ ವಾತಾಷ್ಠೀಲಾ ಎಂಬುದೊಂದಿದೆ: ಗುದಕ್ಕೂ ಮೂತ್ರಾಶಯಕ್ಕೂ ನಡುವೆ ಉರುಟು ಕಲ್ಲಿನಂತೆ ಎದ್ದು ಮೂತ್ರವನ್ನು ತಡೆಯುವ ಗಂಟು. ಅಪ್ಪಯ್ಯನ ಸ್ಥಿತಿಗೆ ಅದಕ್ಕಿಂತ ಹತ್ತಿರದ ವರ್ಣನೆ ಬೇಡ. ಅಶ್ಮರಿಯ ಬಗ್ಗೆಯಂತೂ ಆತ ನಿಷ್ಠುರ. ಎಳೆಯದಾದರೆ ಔಷಧಿ, ಬೆಳೆದರೆ ಶಸ್ತ್ರ. ಮೊದಲು ತುಪ್ಪ, ಕ್ಷಾರ, ಕಷಾಯಗಳು. ಅವು ಸೋತಾಗ ಕತ್ತಿ. ಕುಶಲ ವೈದ್ಯನ ಕೈಯಲ್ಲೂ ಫಲ ಅನಿಶ್ಚಿತ, ಮಾಡದಿದ್ದರೆ ಸಾವು ನಿಶ್ಚಿತ. ಆದ್ದರಿಂದ ಒಡೆಯನ ಅನುಮತಿ ಪಡೆದು ಮಾಡು ಎನ್ನುತ್ತಾನೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ಇದು ನೆನಪಾಗಿ ಕೈ ತಡೆಯಿತು. (ದಿನಚರಿಯ ಸ್ಯಾಮ್ಯುಯೆಲ್ ಪೀಪ್ಸ್ 1658ರಲ್ಲಿ ಅರಿವಳಿಕೆಯಿಲ್ಲದೆ ಕಲ್ಲು ತೆಗೆಸಿಕೊಂಡು, ಅದನ್ನು ಪೆಟ್ಟಿಗೆಯಲ್ಲಿಟ್ಟು ಕಾಪಾಡಿದನೆಂದು ತರಗತಿಯಲ್ಲಿ ನಕ್ಕಿದ್ದೆವು.)

ಮೂತ್ರಪಿಂಡ ತುಸು ಸುಧಾರಿಸಿದ ಮೇಲೆ, ಮೂತ್ರನಾಳದ ಮೂಲಕವೇ ಗ್ರಂಥಿಯನ್ನು ಕೆರೆದು ತೆಗೆಯುವ ಶಸ್ತ್ರಚಿಕಿತ್ಸೆ ನಡೆಯಿತು. ಕ್ರಿಯಾಟಿನಿನ್ ಇಳಿದಿದೆ, ಪೂರ್ತಿ ಇಳಿದಿಲ್ಲ. ಸೊಪ್ಪುಸದೆ, ಬೇರುಬೊಡ್ಡೆಗಳ ಮೇಲೆ ನನಗೆ ಸಿಟ್ಟಿಲ್ಲ. ನೆಗ್ಗಿಲು ಏನೂ ಮಾಡಿಲ್ಲ. ಪರೀಕ್ಷೆ ಮಾಡಿಸದೆ ಅದನ್ನು ತಂದುಕೊಟ್ಟವನು ನಾನು.

ಊರಿಗೆ ಹೊರಡುವ ಹಿಂದಿನ ದಿನ ಅಪ್ಪಯ್ಯ, ಅರ್ಧ ಉಳಿದಿದ್ದ ವರುಣಾದಿ ಕಷಾಯದ ಬಾಟಲಿಯನ್ನು ಹುಡುಕಿ ತೆಗೆದು, "ಇದನ್ನೇನು ಮಾಡುವುದು?" ಎಂದು ಕೇಳಿದರು. ಚೆಲ್ಲಿ ಎನ್ನಲು ಬಾಯಿ ಬರಲಿಲ್ಲ. "ಆ ವೈದ್ಯೆಯನ್ನೇ ಕೇಳೋಣ, ಬನ್ನಿ" ಎಂದೆ. ಅವರು ಚಪ್ಪಲಿ ಮೆಟ್ಟಿ, ಸ್ಕ್ಯಾನ್ ವರದಿಯ ಲಕೋಟೆಯನ್ನು ತಾವೇ ಕೈಗೆತ್ತಿಕೊಂಡರು.