ಏಳು ಐದು ಸೊನ್ನೆ ಸೊನ್ನೆ

ನಮ್ಮ ಮನೆ ಮಾಲೀಕರು ಹೋದ ತಿಂಗಳು ತೀರಿಕೊಂಡರು. ನೈರೋಬಿಯ ಸೌತ್ ಸಿ ಬಡಾವಣೆಯಲ್ಲಿ ಅವರ ಮನೆಯ ಮಹಡಿ ಮೇಲೆ ಮೂರು ವರ್ಷದಿಂದ ಬಾಡಿಗೆಗಿದ್ದೀನಿ. ಹೆಸರು ಬರೆಯಲ್ಲ, ಅವರಿದ್ದಿದ್ದರೆ ಒಪ್ಪುತ್ತಿರಲಿಲ್ಲ. ನಾನು ಕರೀತಿದ್ದಿದ್ದು 'ಮ್ಜೇ' ಅಂತ. ಸ್ವಾಹಿಲಿಯಲ್ಲಿ ವಯಸ್ಸಾದ ಗಂಡಸರನ್ನ ಗೌರವದಿಂದ ಹಾಗೆ ಕರೀತಾರೆ, ನಮ್ಮ ಕಡೆ 'ಯಜಮಾನ್ರೇ' ಅಂದ ಹಾಗೆ. ಅವರು ನನ್ನನ್ನ 'ಕಿಜಾನಾ' ಅನ್ನೋರು, ಅಂದ್ರೆ ಹುಡುಗ.

ಮಣ್ಣಿಗೆ ಮಚಾಕೋಸ್ ಹತ್ತಿರದ ಅವರ ಹಳ್ಳಿಗೆ ಹೋಗಿದ್ದೆ. ಇಲ್ಲಿ ಸತ್ತವರ ಜೀವನವನ್ನ ಒಂದು ಪುಟ್ಟ ಪುಸ್ತಕ ಮಾಡಿ ಎಲ್ಲರಿಗೂ ಹಂಚಿ, ನಿಂತು ಓದ್ತಾರೆ. ಎಲ್ಲಿ ಹುಟ್ಟಿದ್ರು, ಯಾವ ಸ್ಕೂಲು, ಎಷ್ಟು ಮಕ್ಕಳು ಮೊಮ್ಮಕ್ಕಳು, ಚರ್ಚಿಗೆ ಏನೇನು ಮಾಡಿದ್ರು... ಎಂಟು ಪುಟದ ಪುಸ್ತಕದಲ್ಲಿ ಕೆಲಸದ ಬಗ್ಗೆ ಇದ್ದಿದ್ದು ಒಂದೇ ಸಾಲು. ಏರ್ ಟ್ರಾಫಿಕ್ ಕಂಟ್ರೋಲರ್ ಆಗಿ 33 ವರ್ಷ ಸರ್ಕಾರಿ ಸೇವೆ ಸಲ್ಲಿಸಿ ನಿವೃತ್ತರಾದರು, ಅಷ್ಟೇ. ಅದಾದ ತಕ್ಷಣ ಹಾಡು ಶುರುವಾಯ್ತು. ಆ ಸಾಲಿನಲ್ಲಿ ಹಿಡಿಸದೇ ಉಳಿದಿದ್ದನ್ನ ಇಲ್ಲಿ ಬರೀತಾ ಇದ್ದೀನಿ.

ಸ್ವಾಹಿಲಿಯಲ್ಲಿ ಹಕ್ಕಿಗೂ ವಿಮಾನಕ್ಕೂ ಒಂದೇ ಪದ: 'ನ್ದೆಗೆ'. ವಿಮಾನ ನಿಲ್ದಾಣಕ್ಕೆ 'ಉವಾಂಜಾ ವಾ ನ್ದೆಗೆ', ಹಕ್ಕಿಗಳ ಬಯಲು. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ಆದ್ರೆ ಮ್ಜೇಗೆ ಹಕ್ಕಿ ಕಂಡ್ರೆ ಆಗ್ತಿರಲಿಲ್ಲ. ಮೊಂಬಾಸಾ ರಸ್ತೆಯ ಅಕೇಷಿಯಾ ಮರಗಳ ಮೇಲೆ ಕೂತಿರೋ ಮರಬೂ ಕೊಕ್ಕರೆಗಳನ್ನ ನೋಡಿದಾಗಲೆಲ್ಲ, ಇವು ಎಂಜಿನ್ನಿಗೆ ನುಗ್ಗಿದ್ರೆ ಏನಾಗುತ್ತೆ ಗೊತ್ತಾ ಅಂತ ಶುರು ಮಾಡೋರು.

ಎಂಬಾಕಾಸಿ ವಿಮಾನ ನಿಲ್ದಾಣ ಶುರುವಾಗಿದ್ದು 1958ರಲ್ಲಿ. ಬ್ರಿಟಿಷರ ಕಾಲ, ತುರ್ತು ಪರಿಸ್ಥಿತಿ ಇನ್ನೂ ಮುಗಿದಿರಲಿಲ್ಲ. ಕಟ್ಟೋಕೆ ದುಡಿಸಿಕೊಂಡಿದ್ದು ಮೌ ಮೌ ಹೋರಾಟದಲ್ಲಿ ಹಿಡಿದು ಹಾಕಿದ್ದ ಕೈದಿಗಳನ್ನ. ಮ್ಜೇಯ ಸೋದರಮಾವ ಅವರಲ್ಲಿ ಒಬ್ಬರು. ಇದನ್ನ ಮ್ಜೇ ನನಗೆ ಹೇಳಿದ್ದು ಒಂದೇ ಸಲ, ಅದೂ ಗೇಟಿಗೆ ಬೀಗ ಹಾಕ್ತಾ. ಮಾವ ಮಣ್ಣು ಅಗೆದ ಜಾಗದ ಮೇಲೆ ಇಳಿಯೋ ವಿಮಾನಗಳನ್ನ ಸೋದರಳಿಯ ಕೂತು ನಡೆಸಿದ. ನಾನು ಏನೋ ದೊಡ್ಡದಾಗಿ ಹೇಳೋಕೆ ಹೋದೆ. "ಬಾಗಿಲು ಹಾಕಿದೆಯಾ?" ಅಂತ ಕೇಳಿ ಒಳಗೆ ಹೋದ್ರು.

ಎಂಬಾಕಾಸಿಯಲ್ಲೇ ಇರೋ ವಿಮಾನಯಾನ ಶಾಲೆಯಲ್ಲಿ ಕಲಿತು ಅವರು ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತಂತೆ, ಆಗ ಬಂತು 1974. ಆ ವರ್ಷದ ಸೆಪ್ಟೆಂಬರ್ 3ರ ಘಟನೆಯನ್ನ ಅವರು ನನಗೆ ಹತ್ತು ಸಲವಾದ್ರೂ ಹೇಳಿರಬಹುದು. ಆವತ್ತು ಅವರು ಡ್ಯೂಟಿಯಲ್ಲಿರಲಿಲ್ಲ. ಆದ್ರೂ ಹೇಳೋರು.

ಬ್ರಿಟಿಷ್ ಏರ್‌ವೇಸ್‌ನ ಜಂಬೋ, 747, ನೈರೋಬಿಗೆ ಇಳಿಯೋಕೆ ಬರ್ತಿತ್ತು. ಕಂಟ್ರೋಲ್‌ನಿಂದ ಬಂದ ಸೂಚನೆ, 7,500 ಅಡಿಗೆ ಇಳೀರಿ. ಒಂದೊಂದೇ ಅಂಕಿ ಬಿಡಿಸಿ ಹೇಳ್ತಾರೆ: ಏಳು, ಐದು, ಸೊನ್ನೆ, ಸೊನ್ನೆ. ವಿಮಾನದಲ್ಲಿದ್ದವರ ಕಿವಿಗೆ ಬಿದ್ದಿದ್ದು ಐದು, ಸೊನ್ನೆ, ಸೊನ್ನೆ, ಸೊನ್ನೆ. ಕೇಳಿಸಿಕೊಂಡಿದ್ದನ್ನ ತಿರುಗಿ ಹೇಳಬೇಕು ಅನ್ನೋದು ನಿಯಮ. ಹೇಳಿದ್ರು ಕೂಡ, ಐದು ಸಾವಿರ ಅಂತಲೇ. ಕೆಳಗೆ ಕೂತವರ ಕಿವಿಗೆ ಅದು ತಪ್ಪು ಅಂತ ತಟ್ಟಲಿಲ್ಲ. ನೈರೋಬಿ ವಿಮಾನ ನಿಲ್ದಾಣವೇ ಸಮುದ್ರಮಟ್ಟದಿಂದ 5,300 ಅಡಿಗಿಂತ ಮೇಲಿದೆ ಸ್ವಾಮಿ. 5,000 ಅಂದ್ರೆ ನೆಲದೊಳಗೆ! ಆ ವಿಮಾನ ನೆಲದಿಂದ ಸುಮಾರು 70 ಅಡಿವರೆಗೆ ಇಳಿದು, ಅಲ್ಲಿಂದ ಮೇಲಕ್ಕೆದ್ದಿತು. ಯಾರಿಗೂ ಏನೂ ಆಗಲಿಲ್ಲ. 70 ಅಡಿ ಅಂದ್ರೆ ನಮ್ಮೂರಿನ ಒಂದು ಒಳ್ಳೆ ತೆಂಗಿನಮರ.

ಅದಾಗಿ ಮೂರು ತಿಂಗಳೂ ಆಗಿರಲಿಲ್ಲ, ನವೆಂಬರ್ 20ರಂದು ಲುಫ್ತಾನ್ಸಾದ 747 ಎಂಬಾಕಾಸಿಯಿಂದ ಮೇಲೇಳ್ತಿದ್ದ ಹಾಗೇ ಬಿತ್ತು. 157 ಜನರಲ್ಲಿ 59 ಜನ ಸತ್ತರು. ಜಂಬೋ ವಿಮಾನ ಬಿದ್ದು ಜನ ಸತ್ತಿದ್ದು ಪ್ರಪಂಚದಲ್ಲೇ ಅದು ಮೊದಲು. ರೆಕ್ಕೆಯ ಮುಂದಿನ ಅಂಚಿನ ಪಟ್ಟಿಗಳು ಬಿಚ್ಚಿಕೊಂಡಿರಲಿಲ್ಲ, ಎತ್ತರದ ಊರಿನ ತೆಳುಗಾಳಿ ಬೇರೆ. ಇದರಲ್ಲಿ ಕಂಟ್ರೋಲರ್ ಮಾಡಬಹುದಾದ್ದು ಏನೂ ಇರಲಿಲ್ಲ. ವಿಚಿತ್ರ ಅಂದ್ರೆ ಮ್ಜೇ ಈ ಅಪಘಾತದ ಬಗ್ಗೆ ಹೆಚ್ಚು ಮಾತಾಡ್ತಿರಲಿಲ್ಲ. ಅವರನ್ನ ಕಾಡಿದ್ದು ಯಾರೂ ಸಾಯದ ಸೆಪ್ಟೆಂಬರಿನ ಆ ದಿನ. "ತಪ್ಪಾಗಿ ಕೇಳಿಸೋದು ಸಹಜ ಕಿಜಾನಾ. ಎಲ್ಲರಿಗೂ ಆಗುತ್ತೆ. ಆದರೆ ಅವರು ತಪ್ಪನ್ನ ನಮಗೇ ವಾಪಸ್ ಕೊಟ್ಟರು. ನಾವು ತಗೊಳ್ಳಲಿಲ್ಲ" ಅನ್ನೋರು.

ನಾನು ಸಾಫ್ಟ್‌ವೇರ್‌ನವನು. ಎರಡು ಕಂಪ್ಯೂಟರುಗಳು ಮಾತಾಡೋವಾಗ ಕಳಿಸಿದ ಪ್ರತಿ ಪ್ಯಾಕೆಟ್‌ಗೂ 'ಬಂತು' ಅಂತ ಉತ್ತರ ಬರುತ್ತೆ, ಚೆಕ್‌ಸಮ್ ತಾಳೆ ನೋಡ್ತೀವಿ ಅಂತ ಅವರಿಗೆ ವಿವರಿಸಿದ್ದೆ. ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ್ರು: "ನಿನ್ನ ಕಂಪ್ಯೂಟರಿಗೆ ರಾತ್ರಿ ಮೂರು ಗಂಟೆಗೆ ನಿದ್ದೆ ಬರುತ್ತಾ?"

ನಿಜ ನೋಡಿ. ಒಬ್ಬ ಮನುಷ್ಯ ತಾನು ಹೇಳಿದ್ದನ್ನೇ ಇನ್ನೊಬ್ಬ ತಿರುಗಿ ಹೇಳೋವಾಗ, ಅವನು ಏನು ಹೇಳ್ತಾನೆ ಅಂತ ಮೊದಲೇ ಗೊತ್ತಿರುತ್ತೆ. ಗೊತ್ತಿರೋದನ್ನ ಕಿವಿ ಕೇಳೋದೇ ಇಲ್ಲ, ಕೇಳಿದ ಹಾಗೆ ನಟಿಸುತ್ತೆ. ದಿನಕ್ಕೆ ನೂರಾರು ಸಲ, 33 ವರ್ಷ, ಹೊಸದಾಗಿ ಕೇಳಿಸಿಕೊಳ್ಳಬೇಕು. ನಾವು ಮೀಟಿಂಗಿನಲ್ಲಿ ಹತ್ತು ನಿಮಿಷ ಕೇಳಿಸಿಕೊಳ್ಳಲ್ಲ!

ಈ ಅಭ್ಯಾಸ ಮನೆಗೂ ಬಂದಿತ್ತು. ಇಲ್ಲಿ ಎಲ್ಲದಕ್ಕೂ ಜನ 'ಸಾವಾ' ಅಂತಾರೆ, ಅಂದ್ರೆ 'ಸರಿ'. ಮ್ಜೇ ಮನೆಯಲ್ಲಿ ಬರೀ ಸಾವಾ ನಡೀತಿರಲಿಲ್ಲ. "ನೀರಿನ ಟ್ಯಾಂಕರ್ ಗುರುವಾರ ಬರುತ್ತೆ, ಎರಡು ಸಾವಿರ ಕೊಡು" ಅಂದ್ರೆ, "ಗುರುವಾರ, ಎರಡು ಸಾವಿರ" ಅಂತ ನಾನು ಹೇಳೋವರೆಗೂ ಮೆಟ್ಟಿಲ ಮೇಲೆ ನಿಂತೇ ಇರೋರು. ಎಂ-ಪೆಸಾದಲ್ಲಿ ಬಾಡಿಗೆ ಕಳಿಸಿದಾಗ ಬಂದ ಮೆಸೇಜನ್ನ ಮೊದಲಿಂದ ಕೊನೆವರೆಗೆ ಜೋರಾಗಿ ಓದೋರು. ಮೊದಮೊದಲು ನಂಗೆ ಕಿರಿಕಿರಿ ಆಗ್ತಿತ್ತು. ಈಗ ಊರಿಗೆ ಫೋನ್ ಮಾಡಿ ಅಕೌಂಟ್ ನಂಬರ್ ಹೇಳೋವಾಗ ನಮ್ಮಮ್ಮನ ಹತ್ರ ತಿರುಗಿ ಹೇಳಿಸ್ತೀನಿ. ಎಪ್ಪತ್ತು, ಎಂಬತ್ತು, ತೊಂಬತ್ತು, ಫೋನಿನಲ್ಲಿ ಮೂರೂ ಒಂದೇ ಥರ.

ಅದಕ್ಕೇ ರೇಡಿಯೋದಲ್ಲಿ ಅಂಕಿಗಳ ಉಚ್ಚಾರವನ್ನೇ ಬದಲಾಯಿಸಿದ್ದಾರೆ. ಇಂಗ್ಲಿಷಿನ ತ್ರೀ ಅಲ್ಲಿ 'ಟ್ರೀ', ಫೈವ್ 'ಫೈಫ್', ನೈನ್ 'ನೈನರ್', ಥೌಸಂಡ್ 'ಟೌಸಂಡ್'. ನಮ್ಮ ಹಾಸನದ ಹುಡುಗರು 'ಟ್ರೀ' ಅಂತ ಹೇಳಿ ಮೇಷ್ಟ್ರ ಹತ್ರ ಬೈಸ್ಕೊಂಡಿದ್ದು ಅನ್ಯಾಯ ಅಂತ ಈಗ ಅನ್ಸುತ್ತೆ :)

1977ರ ಮಾರ್ಚ್ 27ರಂದು ಟೆನೆರಿಫೆಯಲ್ಲಿ ಎರಡು ಜಂಬೋಗಳು ರನ್‌ವೇ ಮೇಲೆ ಡಿಕ್ಕಿಯಾಗಿ 583 ಜನ ಸತ್ತರಲ್ಲ, ಅಲ್ಲೂ ಮಾತಿನದೇ ಗೊಂದಲ. ಅದಾದ ಮೇಲೆ ನಿಜವಾಗಿ ಹಾರೋಕೆ ಅನುಮತಿ ಕೊಡೋವಾಗ (ಅಥವಾ ಅದನ್ನ ರದ್ದು ಮಾಡೋವಾಗ) ಬಿಟ್ಟು ಬೇರೆ ಯಾವಾಗಲೂ 'ಟೇಕಾಫ್' ಅನ್ನೋ ಪದ ಬಳಸಬಾರದು ಅಂತ ಆಯ್ತು. ನಮ್ಮ ದೇಶದ್ದೂ ಒಂದಿದೆ, 1996ರ ನವೆಂಬರ್ 12, ಚರ್ಖಿ ದಾದ್ರಿ. ಸೌದಿಯ 747ಗೆ 14,000 ಅಡಿ, ಕಝಾಕ್ ವಿಮಾನಕ್ಕೆ 15,000 ಅಡಿ ಅಂತ ಕಂಟ್ರೋಲರ್ ಸರಿಯಾಗೇ ಹೇಳಿದ್ರು. ಕಝಾಕ್ ವಿಮಾನ ಅದಕ್ಕಿಂತ ಕೆಳಗಿಳೀತು, 349 ಜನ ಹೋದರು. ಆವತ್ತು ದಿಲ್ಲಿಯಲ್ಲಿ ಕೂತಿದ್ದವರು ವಿ.ಕೆ. ದತ್ತಾ. ಮ್ಜೇಗೆ ಈ ಹೆಸರು ಗೊತ್ತಿತ್ತು. ನಂಗೆ ಗೊತ್ತಿರಲಿಲ್ಲ, ಅವರಿಂದ ಕೇಳಿ ತಿಳ್ಕೊಂಡೆ. "ಅವನು ಎಲ್ಲಾ ಸರಿ ಮಾಡಿದ್ದ" ಅಂದು ಸ್ವಲ್ಪ ಹೊತ್ತು ಸುಮ್ಮನಿದ್ದರು.

ಅವರ ಹಾಲ್‌ನಲ್ಲಿ ಎರಡು ಗಡಿಯಾರ. ಒಂದು ನೈರೋಬಿಯದು, ಇನ್ನೊಂದು ಮೂರು ಗಂಟೆ ಹಿಂದೆ ಓಡೋ 'ಜೂಲೂ', ಅಂದ್ರೆ ಪ್ರಪಂಚದ ವಿಮಾನದವರೆಲ್ಲ ಬಳಸೋ ಸಮಯ. ಅವರ ಹೆಂಡತಿಯದು ಮೂರನೇ ಲೆಕ್ಕ. ಸ್ವಾಹಿಲಿಯಲ್ಲಿ ದಿನ ಶುರುವಾಗೋದು ಬೆಳಗ್ಗೆ ಆರಕ್ಕೆ, ಏಳು ಗಂಟೆಗೆ 'ಸಾ ಮೋಜಾ', ಒಂದು ಗಂಟೆ. ಹಾಗಾಗಿ ನಾನು ಬೆಳಗ್ಗೆ ಒಂಬತ್ತಕ್ಕೆ ಆಫೀಸಿಗೆ ಹೊರಟ್ರೆ ಮ್ಜೇಗೆ ಆರು, ಅಜ್ಜಿಗೆ ಮೂರು, ಹಾಸನದಲ್ಲಿ ಅಮ್ಮಂಗೆ ಹನ್ನೊಂದೂವರೆ. ಟೈಮ್‌ಝೋನ್ ಬಗ್ಗೆ ಗೊಣಗೋ ಪ್ರೋಗ್ರಾಮರುಗಳು ಈ ಮನೆಯಲ್ಲಿ ಒಂದು ವಾರ ಇರಬೇಕು.

ನಿವೃತ್ತಿಯಾದ ಮೇಲೂ ಕೆಲವು ವರ್ಷ ಕೆಲಸ ಮಾಡಿದ್ರು, ಸೊಮಾಲಿಯಾದ ಆಕಾಶಕ್ಕೆ. ಅಲ್ಲಿ ಸರ್ಕಾರವೇ ಕುಸಿದುಬಿದ್ದ ಮೇಲೆ 1996ರಿಂದ ಆ ದೇಶದ ವಾಯುಮಾರ್ಗವನ್ನ ವಿಶ್ವಸಂಸ್ಥೆಯ ವಿಮಾನಯಾನ ಸಂಘಟನೆ ನೈರೋಬಿಯಿಂದ ನೋಡಿಕೊಳ್ತಿತ್ತು. 2017ರಲ್ಲಿ ಮೊಗದಿಶುಗೆ ವಾಪಸ್ ಹೋಯ್ತು. ಮುಂಬೈನಿಂದ ಬರೋ ವಿಮಾನಗಳು ಆ ಆಕಾಶ ದಾಟಿಯೇ ಬರಬೇಕು. ರೇಡಾರ್ ಇಲ್ಲ, ಕರಕರ ಅನ್ನೋ ರೇಡಿಯೋ, ಪೈಲಟ್ ಹೇಳಿದ ಜಾಗ, ಹೇಳಿದ ಎತ್ತರ, ಹೇಳಿದ ಸಮಯ, ಕೈಯಲ್ಲಿ ಒಂದು ಕಾಗದದ ಪಟ್ಟಿ. ಅಷ್ಟರ ಮೇಲೆ ಎರಡು ವಿಮಾನಗಳ ಮಧ್ಯೆ ಅಂತರ ಲೆಕ್ಕ ಹಾಕಬೇಕು. "ನಿಮ್ಮ ಇಂಡಿಯಾದ ಪೈಲಟ್‌ಗಳು ಬೇಗ ಬೇಗ ಮಾತಾಡ್ತಾರೆ, ಆದರೆ ಪೂರ್ತಿ ಹೇಳ್ತಾರೆ" ಅಂತ ಸರ್ಟಿಫಿಕೇಟ್ ಕೊಟ್ಟಿದ್ರು. ಅವರಿಗೆ ಬೆಂಗಳೂರು ಅನ್ನೋ ಊರು ಗೊತ್ತಿರಲಿಲ್ಲ, 'ವಿಕ್ಟರ್ ಆಸ್ಕರ್ ಬ್ರಾವೋ ಲೀಮಾ' ಗೊತ್ತಿತ್ತು. ಅದು ದೇವನಹಳ್ಳಿ ನಿಲ್ದಾಣದ ಕೋಡ್.

ಎಂಟೆಬೆ ಬಗ್ಗೆ ಮಾತ್ರ ಬಾಯಿ ಬಿಡಲಿಲ್ಲ. 1976ರ ಜುಲೈನಲ್ಲಿ ಒತ್ತೆಯಾಳುಗಳನ್ನ ಬಿಡಿಸಿಕೊಂಡ ಇಸ್ರೇಲಿ ವಿಮಾನಗಳು ವಾಪಸ್ ಹೋಗೋವಾಗ ನೈರೋಬಿಯಲ್ಲಿ ಇಳಿದಿದ್ದವು. ಆ ರಾತ್ರಿ ನೀವಿದ್ರಾ ಅಂತ ಮೂರು ಸಲ ಕೇಳಿದೀನಿ. ಮೂರು ಸಲವೂ ಚಹಾ ಬಂತು.

ಮಣ್ಣು ಮುಗಿದ ಮೇಲೆ ಅಜ್ಜಿ ಜೊತೆ ಕೂತಿದ್ದೆ. ಆ ಪುಸ್ತಕದಲ್ಲಿ ಕೆಲಸದ ಬಗ್ಗೆ ಏನೂ ಬರೆದಿಲ್ಲವಲ್ಲ ಅಂತ ಕೇಳಿದೆ. ಏನು ಬರೆಯೋದು, ಅವರು ಏನೂ ಹೇಳ್ತಿರಲಿಲ್ಲ, ನನಗೆ ಗೊತ್ತಿರೋದು ರಾತ್ರಿದು ಮಾತ್ರ ಅಂದ್ರು. ನಿದ್ದೆಯಲ್ಲಿ ಇಂಗ್ಲಿಷಿನಲ್ಲಿ ಅಂಕಿಗಳನ್ನ ಹೇಳ್ತಿದ್ರಂತೆ, ಹೇಳಿದ್ದನ್ನೇ ಮತ್ತೆ ಮತ್ತೆ. ಮದುವೆಯಾದ ಹೊಸದರಲ್ಲಿ ಅಜ್ಜಿ 'ಸಾವಾ, ಸಾವಾ, ಮಲಕ್ಕೊಳ್ಳಿ' ಅಂತ ತಟ್ಟಿದ್ರೆ ಸುಮ್ಮನಾಗ್ತಿರಲಿಲ್ಲ, ದನಿ ಇನ್ನೂ ಏರ್ತಿತ್ತು. ಆಮೇಲೆ ಒಂದು ರಾತ್ರಿ ಅಜ್ಜಿಗೆ ಉಪಾಯ ಹೊಳೀತು. ಅವರು ಹೇಳಿದ ಅಂಕಿಯನ್ನೇ, ಅರ್ಥ ಗೊತ್ತಿಲ್ಲದಿದ್ರೂ, ಅದೇ ಕ್ರಮದಲ್ಲಿ ತಿರುಗಿ ಹೇಳಿದ್ರು.

ಗೋಡೆ ಕಡೆ ತಿರುಗಿ ಮಲಗಿಬಿಟ್ಟರಂತೆ.