ನೊರೆಯಲ್ಲಿ ನಮ್ಮ ಪಾಲು

ವರ್ತೂರು ಕೆರೆಯ ನೊರೆ ರಸ್ತೆಗೆ ಹಾರಿ ಬರುತ್ತಿದ್ದ 2015ರ ದಿನಗಳವು. ಸ್ಕೂಟರಿನಲ್ಲಿ ಹೋಗುತ್ತಿದ್ದ ನನ್ನ ಮುಖಕ್ಕೂ ಒಂದು ಮುದ್ದೆ ಬಂದು ಬಡಿಯಿತು. ಕಣ್ಣುರಿ, ಮೈ ತುರಿಕೆ. ಅದೇ ವರ್ಷ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿತ್ತು. ನೀರಿಗೆ ಬೆಂಕಿ! ನಮ್ಮಜ್ಜಿ ಇದ್ದಿದ್ದರೆ ಪ್ರಳಯವೇ ಬಂತೆನ್ನುತ್ತಿದ್ದಳು.

ಸಿಟ್ಟಿನಿಂದ ಅರ್ಜಿ ಬರೆದುಕೊಂಡು ಕಚೇರಿಗೆ ಹೋದೆ. ‘ಕೆರೆ ನಮ್ಮದಲ್ಲ’ ಎಂದರು. ಇನ್ನೊಂದು ಕಚೇರಿಯಲ್ಲಿ ‘ಕಾಲುವೆ ನಮ್ಮದಲ್ಲ’. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರಾಡಳಿತಕ್ಕೆಂದು ಪಟ್ಟಿ ಮಾಡಿದ 18 ವಿಷಯಗಳಲ್ಲಿ ಪರಿಸರ ರಕ್ಷಣೆಯೂ ಒಂದೆಂದು ದನಿ ಏರಿಸಿ ಪಾಠ ಹೇಳಿದೆ.

ಮೂಲೆಯಲ್ಲಿದ್ದ ವಯಸ್ಸಾದ ಗುಮಾಸ್ತರು ಕನ್ನಡಕ ಸರಿಸಿ ಕೇಳಿದರು: ‘ನಿಮ್ಮನೆ ಬಚ್ಚಲ ನೀರು ಎಲ್ಲಿಗೆ ಹೋಗುತ್ತೆ ಸಾರ್?’

ಬಾಯಿ ಕಟ್ಟಿತು. ಬಡಾವಣೆ ಇನ್ನೂ ಪಂಚಾಯ್ತಿಗೆ ಸೇರಿದ್ದಾಗ ಮನೆ ಕಟ್ಟಿಸಿದವನು ನಾನು. ಒಳಚರಂಡಿ ಇರಲಿಲ್ಲ. ಮೇಸ್ತ್ರಿ ಪೈಪನ್ನು ಮಳೆನೀರಿನ ಕಾಲುವೆಗೆ ಬಿಟ್ಟ. ನಾನೂ ಹೂಂ ಅಂದಿದ್ದೆ. 2007ರಲ್ಲಿ 110 ಹಳ್ಳಿಗಳು ಬೆಂಗಳೂರಿಗೆ ಸೇರಿದವು. ನಮ್ಮ ಪೈಪು ಮಾತ್ರ ಅಲ್ಲೇ ಉಳಿಯಿತು. ಆ ನೊರೆಯಲ್ಲಿ ನಮ್ಮ ಬಟ್ಟೆ ಸೋಪಿನ ಪುಡಿಯೂ ಇತ್ತು.

ಅರ್ಜಿಯನ್ನು ವಾಪಸು ತರಲಿಲ್ಲ. ಕೊನೆಗೊಂದು ಸಾಲು ಸೇರಿಸಿ ಕೊಟ್ಟೆ: ‘ಮೊದಲು ನನ್ನ ಮನೆಯ ಪೈಪನ್ನೇ ಬಂದು ನೋಡಿ.’ ಆರು ತಿಂಗಳಾದರೂ ಯಾರೂ ಬರಲಿಲ್ಲ. ನಾನೇ ಇಂಗುಗುಂಡಿ ತೋಡಿಸಿ ಪೈಪು ತಿರುಗಿಸಿದೆ.

ಅದರಿಂದ ನೊರೆ ನಿಂತಿತೆ? ಇಲ್ಲ. ಆದರೆ ಎರಡನೆಯ ಅರ್ಜಿ ಹಿಡಿದು ಹೋದಾಗ ಆ ಗುಮಾಸ್ತರ ಮುಖವನ್ನು ನೇರವಾಗಿ ನೋಡಿದೆ. ಅವರು ಕುರ್ಚಿ ಎಳೆದು, ‘ಕೂತ್ಕೊಳ್ಳಿ ಸಾರ್’ ಎಂದರು.